ಅಂಜುವ ದೊಡ್ಡ ನಾಯಿಗೆ ನಡಿಗೆಯ ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮನೆ, ತೋಟದ ಕಾವಲಿಗೆಂದು ಅಲ್ಸೇಷಿಯನ್, ಲ್ಯಾಬ್ರಡಾರ್, ಮುಧೋಳದಂತಹ ದೊಡ್ಡ ನಾಯಿಗಳನ್ನು ಸಾಕುವವರಿದ್ದಾರೆ. ಹಗಲೆಲ್ಲ ಸರಪಳಿಯಲ್ಲಿರುವ ಇಂತಹ ನಾಯಿಯನ್ನು ಒಂದು ದಿನ ಬಸ್ ನಿಲ್ದಾಣದ ರಸ್ತೆಗೆ ಕರೆದೊಯ್ದರೆ ಏನಾಗುತ್ತದೆ? ಹಾರನ್ ಸದ್ದಿಗೆ ಬೆದರಿ ಬಾಲ ಮುದುರುತ್ತದೆ, ಇಲ್ಲವೇ ಎದುರಿಗೆ ಬಂದವರ ಮೇಲೆ ಎಗರುತ್ತದೆ. 'ನಮ್ಮ ನಾಯಿ ಬಲು ಜೋರು' ಎಂದು ಹೆಮ್ಮೆಪಡಬೇಡಿ. ಎಷ್ಟೋ ಸಲ ಅದು ಧೈರ್ಯವಲ್ಲ, ಭಯ. ಮೂವತ್ತು ಕಿಲೋ ತೂಗುವ ನಾಯಿ ಹೆದರಿ ಕಚ್ಚಿದರೆ ಗಾಯ ಸಣ್ಣದಿರುವುದಿಲ್ಲ.

ಈ ಭಯ ಏಕೆ? ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ನೆಮ್ಮದಿಯಿಂದ ಕಂಡದ್ದಕ್ಕೆಲ್ಲ ಸುಲಭವಾಗಿ ಹೊಂದಿಕೊಳ್ಳುತ್ತದೆ. ಕುರಿಗಾಹಿಗಳ ನಾಯಿ ಹಿಂಡಿನ ನಡುವೆಯೇ ಬೆಳೆಯುವುದರಿಂದ ಅದಕ್ಕೆ ಕುರಿ, ಲಾರಿ, ದಾರಿಹೋಕರು ಹೊಸತಲ್ಲ. ಕಾಂಪೌಂಡಿನೊಳಗೆ ಬೆಳೆದ ನಾಯಿಗೆ ಎಲ್ಲವೂ ಹೊಸತು. ಇದ್ದಕ್ಕಿದ್ದಂತೆ ಅಂಜತೊಡಗಿದರೆ ಮಾತ್ರ ಕಿವಿನೋವು, ಕೀಲುನೋವು ಇರಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ.

ಕಲಿಸುವಾಗ ಹೊಡೆಯಬೇಡಿ, ಹೆದರುವ ಕಡೆಗೆ ಎಳೆದೊಯ್ಯಬೇಡಿ. ಆರಡಿಯ ಗಟ್ಟಿ ಹಗ್ಗ, ಎದೆಗೆ ಹಾಕುವ ಪಟ್ಟಿ ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಂಡರೆ ನಾಯಿ ಎಳೆದಾಗ ನೀವೇ ಬೀಳುವಿರಿ. ಮೊದಲು ಜನವಿಲ್ಲದ ದಾರಿಯಲ್ಲಿ ಹತ್ತು ನಿಮಿಷ ನಡೆಸಿ. ಆಮೇಲೆ ಬಸ್ಸು ಕಾಣುವಷ್ಟು, ಆದರೆ ನಾಯಿ ಗಾಬರಿಗೊಳ್ಳದಷ್ಟು ದೂರದಲ್ಲಿ ನಿಲ್ಲಿ. ಬಸ್ಸು ಕಂಡಾಗಲೆಲ್ಲ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಈರುಳ್ಳಿ ಬೆರೆತ ತಿನಿಸು ಬೇಡ, ಅದು ನಾಯಿಗೆ ವಿಷ. ಸಮಾಧಾನವಾಗಿದ್ದರೆ ಮರುದಿನ ನಾಲ್ಕು ಹೆಜ್ಜೆ ಮುಂದೆ ಹೋಗಿ. ತಿನ್ನಲು ಒಲ್ಲದಿದ್ದರೆ, ತುಟಿ ನೆಕ್ಕಿದರೆ, ಮೈ ಬಿಗಿ ಮಾಡಿದರೆ ಹಿಂದೆ ಸರಿಯಿರಿ. ಗುರುಗುಟ್ಟಿದ್ದಕ್ಕೆ ಗದರಬೇಡಿ, ಗುರುಗುಡುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ನಾಯಿ ಸದ್ದಿಲ್ಲದೆ ಕಚ್ಚುವುದನ್ನು ಕಲಿಯಬಹುದು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಜಾತ್ರೆ, ಪಟಾಕಿಯ ದಿನಗಳಲ್ಲಿ ನಾಯಿ ಮನೆಯಲ್ಲೇ ಇರಲಿ.

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಮುಂಜಾನೆ ಅಥವಾ ಕತ್ತಲಾದ ಮೇಲೆ ನಡೆಸಿ. ಡಾಂಬರಿನ ಮೇಲೆ ನಿಮ್ಮ ಹಿಂಗೈಯನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಹೊಟ್ಟೆ ತುಂಬ ತಿಂದ ಕೂಡಲೇ ಓಡಿಸಬೇಡಿ. ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವುದುಂಟು. ಅದು ಪ್ರಾಣಕ್ಕೇ ಅಪಾಯ.

ಮೂರು ತಿಂಗಳಾದಾಗ ಮರಿಗೆ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸುತ್ತಿರಿ. ಇಷ್ಟಾಗಿಯೂ ಯಾರನ್ನಾದರೂ ಕಚ್ಚಿದರೆ, ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ತೋಳಿಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7, 14, 28ನೇ ದಿನ ಪಡೆಯಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. 'ಮನೆಯ ನಾಯಿ ತಾನೇ' ಎಂದು ಸುಮ್ಮನಿರಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ.