ಡಾಸನ್‌ನ ಡ್ರೆಜ್ ನಂಬರ್ 4

ಡ್ರೆಜ್ ನಂಬರ್ 4, ಅಂದರೆ ತೇಲುತ್ತಲೇ ಮಣ್ಣು ಅಗೆದು ಚಿನ್ನ ಸೋಸುವ ಯಂತ್ರ, ಕಡಲು ಕಾಣದ ಹಡಗು. ಕೆನಡಾದ ಯೂಕಾನ್ ಪ್ರದೇಶದ ಡಾಸನ್ ಸಿಟಿಯಿಂದ ಸುಮಾರು 13 ಕಿ.ಮೀ. ದೂರದಲ್ಲಿ, ಬೊನಾಂಜಾ ತೊರೆಯ ಕಣಿವೆಯಲ್ಲಿ ಅದು ನಿಂತಿದೆ. ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಿಂದ ಡಾಸನ್‌ಗೆ 500 ಕಿ.ಮೀ.ಗೂ ಹೆಚ್ಚು, ಒಂದು ಇಡೀ ದಿನದ ಹಾದಿ. ಅಲ್ಲಿಂದ ಮುಂದಕ್ಕೆ ಬಾಡಿಗೆ ಕಾರು ಅಥವಾ ಪ್ರವಾಸಿ ವ್ಯಾನು ಹಿಡಿಯುವುದು ಒಳ್ಳೆಯದು. ಕಣಿವೆಗೆ ತಿರುಗುತ್ತಲೇ ರಸ್ತೆಯ ಬದಿಗೆ ಕಂಬಳಿಹುಳುವಿನ ಬೆನ್ನಿನಂತೆ ಮಡಿಕೆ ಮಡಿಕೆಯಾದ ಬೋಳು ಜಲ್ಲಿಕಲ್ಲಿನ ದಿಣ್ಣೆಗಳು ಕಾಣುತ್ತವೆ. ಗಾಡಿ ನಿಲ್ಲಿಸಿ ನೋಡಬೇಕಾದದ್ದು ಮೊದಲು ಇವನ್ನೇ. ಡ್ರೆಜ್‌ಗಳು ಚಿನ್ನ ಸೋಸಿಕೊಂಡು ಹಿಂದಕ್ಕೆ ಉಗುಳಿದ ಕಲ್ಲುಗಳಿವು.

1912ರಲ್ಲಿ ಕೆನೇಡಿಯನ್ ಕ್ಲಾಂಡೈಕ್ ಮೈನಿಂಗ್ ಕಂಪನಿಗಾಗಿ ಡ್ರೆಜ್ ನಂಬರ್ 4 ಅನ್ನು ಕಟ್ಟಲಾಯಿತು. ಕೆಲಸ ಶುರುವಾದದ್ದು 1913ರ ಮೇ ತಿಂಗಳಲ್ಲಿ. ಮರದ ಒಡಲಿನ ಬಕೆಟ್ ಡ್ರೆಜ್‌ಗಳಲ್ಲಿ ಉತ್ತರ ಅಮೆರಿಕದಲ್ಲೇ ಇದು ಅತಿ ದೊಡ್ಡದು: ಎಂಟು ಅಂತಸ್ತಿನ ಎತ್ತರ, 3,000 ಟನ್ನಿಗೂ ಮಿಕ್ಕಿದ ಭಾರ. ತಾನೇ ತೋಡಿದ ಹೊಂಡದಲ್ಲಿ ತೇಲುತ್ತ, ಮುಂದಿನ ಮಣ್ಣನ್ನು ಬಕೆಟ್ ಸರಪಳಿಯಿಂದ ಎತ್ತಿ, ಉರುಳುವ ಜರಡಿಯಲ್ಲಿ ತೊಳೆದು, ಕಲ್ಲನ್ನು ಹಿಂದೆ ಸುರಿಯುತ್ತಿತ್ತು. ಹೀಗೆ ಹೊಂಡವೂ ಹಡಗಿನ ಜೊತೆಗೇ ಸಾಗುತ್ತಿತ್ತು! ಓಡುತ್ತಿದ್ದುದು ವಿದ್ಯುತ್ತಿನಿಂದ, ಹಗಲೂ ರಾತ್ರಿ. ನೀರು ಹೆಪ್ಪುಗಟ್ಟುವ ಚಳಿಗಾಲದಲ್ಲಿ ಮಾತ್ರ ಬಿಡುವು.

1924ರಲ್ಲಿ ಮುಳುಗಿತು, 1927ರಲ್ಲಿ ಮತ್ತೆ ತೇಲಿತು. ಹಂಕರ್ ತೊರೆಯಲ್ಲಿ ಒಂದೇ ದಿನ 800 ಔನ್ಸ್, ಅಂದರೆ ಹತ್ತಿರ ಹತ್ತಿರ 25 ಕಿಲೋ ಚಿನ್ನ ಎತ್ತಿದ್ದೂ ಉಂಟು. 1941ರಲ್ಲಿ ಬೊನಾಂಜಾ ಕಣಿವೆಯಲ್ಲಿ ಅದನ್ನು ಮರಳಿ ಕಟ್ಟಲಾಯಿತು. 1959ರಲ್ಲಿ ಕೆಲಸ ನಿಂತ ಮೇಲೆ ಕೆಸರೂ ಮಂಜುಗಡ್ಡೆಯೂ ಅದನ್ನು ಹೂತುಹಾಕಿದವು. 1990ರ ದಶಕದ ಆರಂಭದಲ್ಲಿ ಸೇನೆಯ ಎಂಜಿನಿಯರುಗಳ ನೆರವಿನಿಂದ ಅಗೆದು ತೆಗೆದು, ನೆರೆ ತಾಕದ ಜಾಗಕ್ಕೆ ಸರಿಸಿದರು. ಈಗ ಅದು ರಾಷ್ಟ್ರೀಯ ಐತಿಹಾಸಿಕ ತಾಣ.

ಭೇಟಿಗೆ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಒಳಗೆ ಹೋಗುವುದು ಮಾರ್ಗದರ್ಶಕರ ಜೊತೆಗೆ ಮಾತ್ರ. ಸಮಯವನ್ನು ಡಾಸನ್‌ನಲ್ಲೇ ವಿಚಾರಿಸಿಕೊಂಡು ಹೊರಡಬೇಕು. ಮೆಟ್ಟಿಲು ಕಡಿದು, ಒಳಗೆ ತಣ್ಣಗೆ. ಬೇಸಿಗೆಯಲ್ಲೂ ಸ್ವೆಟರ್, ಗಟ್ಟಿ ಬೂಟು ಬೇಕು. ಒಂಟಿ ಬಕೆಟ್ಟಿನ ಪಕ್ಕದಲ್ಲಿ ನಿಂತರೇನೇ ಅದರ ಗಾತ್ರ ತಿಳಿಯುವುದು: ತುಂಬಿದರೆ 16 ಘನ ಅಡಿ ಮಣ್ಣು. ಅಂಥವು ನಿಮಿಷಕ್ಕೆ 22 ಮೇಲೇಳುತ್ತಿದ್ದವು.

ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, 1896ರ ಆಗಸ್ಟ್‌ನಲ್ಲಿ ಚಿನ್ನ ಸಿಕ್ಕ ಡಿಸ್ಕವರಿ ಕ್ಲೇಮ್ (ಚಿನ್ನ ಅಗೆಯಲು ಹಕ್ಕು ಪಡೆದ ನೆಲದ ತುಂಡು) ಇದೆ. ಅದರಾಚೆಯ ಆರನೇ ನಂಬರಿನ ಕ್ಲೇಮಿನಲ್ಲಿ ಪ್ರವಾಸಿಗರು ಪುಕ್ಕಟೆಯಾಗಿ ಮರಳು ಸೋಸಬಹುದು. ಬಾಣಲೆಯನ್ನು ಮಾತ್ರ ತಾವೇ ಒಯ್ಯಬೇಕು.