ಹಾಲನ್ನ ತಿನ್ನುವ ಮರಿಗೆ ಭೇದಿ ಯಾಕೆ?

ಪ್ರಶ್ನೆ: ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅನಾಥವಾಗಿದ್ದ ಬೆಕ್ಕಿನ ಮರಿಯನ್ನು ಮಗಳು ಎತ್ತಿಕೊಂಡು ಬಂದಿದ್ದಾಳೆ. ಎರಡು ತಿಂಗಳಿನದಿರಬಹುದು. ನಮ್ಮದು ಸಸ್ಯಾಹಾರಿ ಮನೆ. ಹಾಲನ್ನ ಕಲಸಿ ಹಾಕುತ್ತಿದ್ದೇನೆ. ಆಸೆಯಿಂದ ತಿನ್ನುತ್ತದೆ, ಆದರೆ ಮೂರು ದಿನದಿಂದ ಭೇದಿ. ಮಗಳು ಕ್ಯಾಟ್ ಫುಡ್ ತರೋಣ ಅಂತಾಳೆ. ಅದರಲ್ಲಿ ಕೋಳಿ, ಮೀನು ಇರುತ್ತದಲ್ಲ? ‘ನಮ್ಮ ಊರಲ್ಲಿ ಬೆಕ್ಕುಗಳು ಮೊಸರನ್ನ ತಿಂದೇ ಬೆಳೆದವು’ ಅಂತಾರೆ ಅತ್ತೆ. ಏನು ಮಾಡಲಿ?
— ಗೃಹಿಣಿ, ಮೈಸೂರು

ಉತ್ತರ: ಅತ್ತೆಯವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಅವರ ಊರಿನ ಬೆಕ್ಕು ಅಡುಗೆಮನೆಯಲ್ಲಿ ಮೊಸರನ್ನ ತಿಂದು, ಆಮೇಲೆ ಅಟ್ಟಕ್ಕೋ ಹಿತ್ತಿಲಿಗೋ ಹೋಗಿ ಇಲಿ, ಹಲ್ಲಿ, ಮಿಡತೆ ಹಿಡಿಯುತ್ತಿತ್ತು. ಅದರ ಮೈ ಬೆಳೆದದ್ದು ಆ ಬೇಟೆಯಿಂದ. ಫ್ಲ್ಯಾಟಿನೊಳಗಿರುವ ನಿಮ್ಮ ಮರಿಗೆ ಅಟ್ಟವೂ ಇಲ್ಲ, ಹಿತ್ತಿಲೂ ಇಲ್ಲ. ನೀವು ತಟ್ಟೆಗೆ ಹಾಕಿದ್ದಷ್ಟೇ ಅದರ ಊಟ.

ನಾಯಿ ಅನ್ನ, ಬೇಳೆಯ ಜೊತೆ ಹೇಗೋ ಹೊಂದಿಕೊಂಡೀತು, ಬೆಕ್ಕಿಗೆ ಅದು ಆಗದು. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಆಹಾರದಿಂದಲೇ ಸಿಗಬೇಕು, ಸಹಜವಾಗಿ ಇರುವುದು ಮಾಂಸ, ಮೀನಿನಲ್ಲಿ. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಅಮೆರಿಕದ ಪಶುವೈದ್ಯರು 1987ರಲ್ಲಿ ಈ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದರು. ಕಂಪನಿಯ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೂ ಆಗ ಆ ರೋಗ ಕಂಡಿತ್ತು. ಆಮೇಲೆ ತಯಾರಕರು ಟಾರಿನ್ ಪ್ರಮಾಣ ಹೆಚ್ಚಿಸಿದರು. ಕ್ಯಾರೆಟ್‌ನಂಥ ತರಕಾರಿಯಿಂದ ನಾವು ಪಡೆಯುವ ವಿಟಮಿನ್ ಎ ಕೂಡ ಬೆಕ್ಕಿಗೆ ದಕ್ಕುವುದಿಲ್ಲ. ಬರೀ ಹಾಲನ್ನದಲ್ಲಿ ಮರಿಯ ಹೊಟ್ಟೆ ತುಂಬುತ್ತದೆ, ಮೈ ಸೊರಗುತ್ತದೆ.

ಭೇದಿಗೆ ಹಸುವಿನ ಹಾಲೇ ಕಾರಣವಾಗಿರಬಹುದು. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಇವತ್ತೇ ಹಾಲು ನಿಲ್ಲಿಸಿ, ಶುದ್ಧ ನೀರಿಡಿ. ಆದರೂ ಹಾಲೊಂದೇ ಕಾರಣ ಅಂತ ಹೇಳಲಾಗದು, ಬೀದಿಯ ಮರಿಗಳಲ್ಲಿ ಜಂತುಹುಳು ಸಾಮಾನ್ಯ. ಮೂರು ದಿನದ ಭೇದಿ ಇಷ್ಟು ಚಿಕ್ಕ ಜೀವಕ್ಕೆ ಹೆಚ್ಚೇ ಆಯಿತು. ನಾಳೆಗೆ ಮುಂದೂಡದೆ ಪಶುವೈದ್ಯರ ಬಳಿ ಒಯ್ಯಿರಿ. ಮಲದ ಮಾದರಿಯೂ ಜೊತೆಗಿರಲಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಮಗಳ ಮಾತು ಕೇಳಿ. ‘ಕಿಟನ್’ ಎಂದು ಬರೆದಿರುವ, ಪೂರ್ಣ ಆಹಾರವೆಂದು ನಮೂದಿಸಿರುವ ಪೊಟ್ಟಣ ತನ್ನಿ. ಒಣ ಆಹಾರವಾದರೆ ಪ್ರೋಟೀನ್ ಶೇ 30ಕ್ಕಿಂತ ಕಡಿಮೆ ಇರಬಾರದು. ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ದಿನಕ್ಕೆ ನಾಲ್ಕು ಬಾರಿ ಸ್ವಲ್ಪ ಸ್ವಲ್ಪವೇ ಕೊಡಿ. ಆರು ತಿಂಗಳಾಗುವ ಹೊತ್ತಿಗೆ ಎರಡು ಮೂರು ಬಾರಿಗೆ ಇಳಿಸಬಹುದು. ಒಂದು ವರ್ಷದವರೆಗೂ ಮರಿಗಳ ಆಹಾರವೇ ಇರಲಿ. ನಾಯಿಯ ಆಹಾರ ಬೇಡ. ಸಾರು, ಪಲ್ಯ ಬೆರೆಸಿದ ಅನ್ನವೂ ಬೇಡ, ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಇನ್ನು ನಿಮ್ಮ ಮನಸ್ಸಿನ ಸಂಕಟ. ಅದನ್ನು ಸಣ್ಣದು ಅಂತ ನಾನು ಹೇಳಲಾರೆ. ಆದರೆ ಒಣ ಆಹಾರಕ್ಕೆ ಬೇಯಿಸುವ ಕೆಲಸವಿಲ್ಲ, ನಿಮ್ಮ ಪಾತ್ರೆ ಬೇಕಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಯುಟಿಲಿಟಿಯಲ್ಲಿಡಿ. ತಟ್ಟೆ, ಅದನ್ನು ತೊಳೆಯುವ ಸ್ಪಂಜು ಬೇರೆ ಇರಲಿ. ಹಾಕುವ, ತೊಳೆಯುವ ಕೆಲಸ ಮಗಳದ್ದಾಗಲಿ. ಸಸ್ಯಾಹಾರಿ ಕ್ಯಾಟ್ ಫುಡ್ ಮಾರುವವರೂ ಇದ್ದಾರೆ. ಬೆಳೆಯುವ ಮರಿಗೆ ಅದನ್ನು ಕೊಡಿ ಅಂತ ನಾನಂತೂ ಹೇಳುವುದಿಲ್ಲ. ಇಷ್ಟಾದರೂ ಮನೆಯವರಿಗೆ ಒಪ್ಪಿಗೆಯಾಗದಿದ್ದರೆ, ಮಾಂಸದೂಟ ಕೊಡಬಲ್ಲ ಒಳ್ಳೆಯ ಮನೆಯೊಂದನ್ನು ಮರಿಗೆ ಹುಡುಕಿ ಕೊಡಿ. ಅದೂ ಅದನ್ನು ಪ್ರೀತಿಸುವ ರೀತಿಯೇ.

ಅತ್ತೆಯವರಿಗೆ ಮರಿಯ ತೂಕ ನೋಡುವ ಕೆಲಸ ಒಪ್ಪಿಸಿ. ವಾರಕ್ಕೊಮ್ಮೆ ಅಡುಗೆಯ ತಕ್ಕಡಿಯ ಮೇಲೆ ಬಟ್ಟೆ ಹಾಸಿ ತೂಗಲಿ. ಈ ವಯಸ್ಸಿನಲ್ಲಿ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಏರದಿದ್ದರೆ, ಅಥವಾ ಮರಿ ಅರ್ಧ ದಿನ ಏನೂ ಮುಟ್ಟದೆ ಮಂಕಾಗಿ ಕೂತರೆ, ಕಾಯದೆ ಡಾಕ್ಟರಿಗೆ ತೋರಿಸಿ.