ಸಂಘಟಿತ ಕ್ರೀಡೆಯೂ ಹದಿಹರೆಯದ ದಿನಚರಿಯೂ

ಆಟದಿಂದ ಮೈ ಗಟ್ಟಿಯಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹದಿಹರೆಯದವರ ದಿನಚರಿಯನ್ನೂ ಅಭ್ಯಾಸಗಳನ್ನೂ ತಿದ್ದುವ ಶಕ್ತಿ ಆಟಕ್ಕೆ ಉಂಟೆ? ಉಂಟಾದರೆ, ಅದು ಎಲ್ಲ ಬಗೆಯ ಆಟಕ್ಕೂ ಉಂಟೆ? ಈ ವಿಷಯವನ್ನು ವಿಚಾರಿಸುವವರು ಐಸ್‌ಲೆಂಡ್ ದೇಶದ ಅನುಭವವನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಉತ್ತರ ಅಟ್ಲಾಂಟಿಕ್ ಸಾಗರದ ಈ ದ್ವೀಪದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ೧೯೯೮ರಲ್ಲಿ ಅಲ್ಲಿನ ಹದಿನೈದು-ಹದಿನಾರು ವಯಸ್ಸಿನ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೪೨ ಮಂದಿ, ಹಿಂದಿನ ಒಂದು ತಿಂಗಳೊಳಗೆ ಕುಡಿದು ಅಮಲೇರಿದ್ದುದಾಗಿ ತಿಳಿಸಿದ್ದರು. ನೂರಕ್ಕೆ ೨೩ ಮಂದಿ ದಿನವೂ ಸಿಗರೇಟು ಸೇದುತ್ತಿದ್ದರು. ೨೦೧೬ರ ವೇಳೆಗೆ ಈ ಸಂಖ್ಯೆಗಳು ಕ್ರಮವಾಗಿ ೫ಕ್ಕೂ ೩ಕ್ಕೂ ಇಳಿದುವು.

ಇದು ತಾನಾಗಿ ಆದುದಲ್ಲ. ಕ್ರೀಡಾಸಂಘಗಳಿಗೆ ಸರಕಾರದ ಹಣ ಹೆಚ್ಚು ದೊರೆಯಿತು. ರಾಜಧಾನಿಯಾದ ರೆಯ್ಕ್ಯಾವಿಕ್ ನಗರದ ಆಡಳಿತವು ಮಕ್ಕಳ ಆಟಪಾಠಗಳ ಶುಲ್ಕಕ್ಕಾಗಿ ಮನೆಯವರಿಗೆ ನೆರವು ನೀಡತೊಡಗಿತು. ವಾರಕ್ಕೆ ನಾಲ್ಕು ಸಲವಾದರೂ ಸಂಘಟಿತ ಕ್ರೀಡೆಯಲ್ಲಿ ಭಾಗವಹಿಸುವವರು ೧೯೯೭ರಲ್ಲಿ ನೂರಕ್ಕೆ ೨೪ ಇದ್ದವರು, ೨೦೧೨ರಲ್ಲಿ ೪೨ ಆದರು.

ಇಡೀ ಕೀರ್ತಿಯನ್ನು ಆಟಕ್ಕೇ ಕೊಡುವುದು ನ್ಯಾಯವಲ್ಲ. ಹದಿನೆಂಟರೊಳಗಿನವರಿಗೆ ತಂಬಾಕನ್ನೂ ಇಪ್ಪತ್ತರೊಳಗಿನವರಿಗೆ ಮದ್ಯವನ್ನೂ ಮಾರುವುದು ಅಲ್ಲಿ ನಿಷಿದ್ಧ. ಮಕ್ಕಳು ರಾತ್ರಿ ಹೊತ್ತುಮೀರಿ ಹೊರಗಿರದಂತೆ ಕಾನೂನಿದೆ. ತಂದೆತಾಯಿಗಳು ಮಕ್ಕಳೊಡನೆ ಕಳೆಯುವ ಕಾಲವೂ ಹೆಚ್ಚಿತು.

ಆದರೂ ಅಲ್ಲಿನ ಸಂಶೋಧಕರು ಕಂಡುಕೊಂಡ ಒಂದು ಸಂಗತಿ ಗಮನಾರ್ಹವಾಗಿದೆ. ಸಂಘಗಳಲ್ಲಿ ಕ್ರಮವಾಗಿ ಆಡುವ ಮಕ್ಕಳಲ್ಲಿ ಕುಡಿತ ಕಡಮೆ. ಸಂಘದ ಹೊರಗೆ ತಮ್ಮಷ್ಟಕ್ಕೆ ತಾವು ಆಡುವವರಲ್ಲಿ ಆ ಫಲ ಕಾಣಲಿಲ್ಲ. ಓಟ ಒಂದೇ, ಬೆವರು ಒಂದೇ. ಫಲ ಮಾತ್ರ ಬೇರೆ. ಏಕೆಂದರೆ ಸಂಘಟಿತ ಕ್ರೀಡೆಯಲ್ಲಿ ಗೊತ್ತಾದ ವೇಳೆ ಇದೆ, ಕಲಿಸುವ ಹಿರಿಯರಿದ್ದಾರೆ, ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ಜೊತೆಗಾರರಿದ್ದಾರೆ. ನಾಳೆ ಬೆಳಗ್ಗೆ ಮೈದಾನಕ್ಕೆ ಹೋಗಬೇಕಾದವನು ಇಂದು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು ಸಹಜ. ಹೀಗೆ ಒಂದು ನೇಮವು ಇನ್ನೊಂದಕ್ಕೆ ದಾರಿಯಾಗುತ್ತದೆ.

ಈ ದೃಷ್ಟಿಯಿಂದ ನಮ್ಮ ಶಾಲಾ ಕಾಲೇಜುಗಳತ್ತ ನೋಡೋಣ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚುರುಕಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದೆ. ನಮ್ಮಲ್ಲಿ ಸಂಘಟಿತ ಕ್ರೀಡೆಯೆಂದರೆ ಸಾಮಾನ್ಯವಾಗಿ ಪಂದ್ಯಕ್ಕೆ ತಂಡವನ್ನು ಆರಿಸುವುದೆಂದೇ ಅರ್ಥ. ಕಬಡ್ಡಿಯಲ್ಲಿ ಅಂಕಣಕ್ಕಿಳಿಯುವವರು ೭ ಮಂದಿ, ವಾಲಿಬಾಲಿನಲ್ಲಿ ೬ ಮಂದಿ. ಉಳಿದವರೆಲ್ಲರೂ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುವವರು. ವ್ಯಾಯಾಮದ ಅಗತ್ಯ ಹೆಚ್ಚಾಗಿರುವುದಾದರೋ ಈ ಉಳಿದವರಿಗೇ. ಸಂಜೆಯ ಬಸ್ಸು ತಪ್ಪಿದರೆ ಊರು ಸೇರಲಾರದ ಹುಡುಗನೂ, ಮನೆಗೆ ಹೋದೊಡನೆ ಕೆಲಸಕ್ಕೆ ನಿಲ್ಲಬೇಕಾದ ಹುಡುಗಿಯೂ ಗಂಟೆ ಬಾರಿಸಿದ ಮೇಲೆ ಆಟಕ್ಕೆ ನಿಲ್ಲಲಾರರು. ಆದುದರಿಂದ ಆಟದ ಹೊತ್ತು ವೇಳಾಪಟ್ಟಿಯ ಒಳಗೇ ಇರಬೇಕು; ಆ ಹೊತ್ತನ್ನು ಬೇರೆ ಪಾಠಕ್ಕೆ ಬಿಟ್ಟುಕೊಡಬಾರದು. ಎಲ್ಲರಿಗೂ ಒಗ್ಗುವ ಒಂದೊಂದು ಆಟವಿರಬೇಕು.

ವರ್ಷದ ಕೊನೆಗೆ ಗೆದ್ದ ಶೀಲ್ಡುಗಳನ್ನು ಎಣಿಸುವುದು ವಾಡಿಕೆ. ಅದರ ಜೊತೆಗೆ, ಆ ವರ್ಷ ಎಷ್ಟು ಮಂದಿ ಮೈದಾನಕ್ಕಿಳಿದರೆಂಬುದನ್ನೂ ಎಣಿಸಿದರೆ ನಮ್ಮ ಆರೋಗ್ಯದ ನಿಜಸ್ಥಿತಿ ತಿಳಿದೀತು.